ಜೋಡಿ ಬಂದದ್ದು

ನನಗೆ ಸ್ವಚ್ಛ ಮಾಡುವ ಹುಚ್ಚು. ಮೊದಲೆಲ್ಲ ಇದನ್ನು ಜಂಬದಿಂದ ಹೇಳಿಕೊಳ್ಳುತ್ತಿದ್ದೆ, ಈಗ ಸ್ವಲ್ಪ ದನಿ ತಗ್ಗಿಸಿ ಹೇಳುತ್ತೇನೆ. ಸಿಕಂದರಾಬಾದಿನ ಒಂದು ಜೂನಿಯರ್ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಬೇಸಿಗೆ ರಜೆ ಬಂತೆಂದರೆ ಉಳಿದವರೆಲ್ಲ ಊರಿಗೆ ಹೋಗುತ್ತಾರೆ. ನಾನು ಲ್ಯಾಬಿನಲ್ಲಿ ಒಂದೊಂದೇ ಕಂಪ್ಯೂಟರಿನ ಮುಂದೆ ಕೂತು ಅದರ ಹೊಟ್ಟೆ ತೊಳೆಯುತ್ತೇನೆ. ಯಾರೋ ಹಾಕಿ ಮರೆತ ಸಾಫ್ಟ್‌ವೇರು, ವರ್ಷಗಟ್ಟಲೆ ಯಾರೂ ತೆರೆಯದ ಆಟ, ಎಲ್ಲವೂ ಹೊರಗೆ. ಮನೆಯಲ್ಲೂ ಅಷ್ಟೇ. ಅವ್ವ ಬದುಕಿದ್ದಾಗ ನನಗೆ ಹೆದರಿ ತನ್ನ ಖಾಲಿ ಡಬ್ಬಿಗಳನ್ನು ಅಟ್ಟದ ಮೇಲೆ, ಹಳೆ ಚಾದರದ ಹಿಂದೆ ಬಚ್ಚಿಡುತ್ತಿದ್ದಳು.

ನಮ್ಮ ಲ್ಯಾಬಿನ ಕಂಪ್ಯೂಟರುಗಳನ್ನು ನಡೆಸುವುದು ವಿಂಡೋಸ್ ಅಲ್ಲ, ಲಿನಕ್ಸ್. ಅದರಲ್ಲಿ ಸಾಫ್ಟ್‌ವೇರು ತರುವ, ತೆಗೆಯುವ ಉಸ್ತುವಾರಿಗೆ ಪ್ಯಾಕೇಜ್ ಮ್ಯಾನೇಜರ್ ಅಂತ ಒಂದಿರುತ್ತದೆ. ನೀವು ಒಂದನ್ನು ಕೇಳಿದರೆ, ಆ ಒಂದು ನಡೆಯಲು ಇನ್ನು ಏನೇನು ಬೇಕೋ ಅವನ್ನೂ ಅದು ಸೇರಿಸಿಕೊಂಡು ತರುತ್ತದೆ. ಮದುವೆಗೆ ಒಬ್ಬರನ್ನು ಕರೆದರೆ ಅವರ ಜೋಡಿ ನಾಲ್ಕು ಜನ ಬರುವುದಿಲ್ಲವೇ, ಹಾಗೆ. ಆದರೆ ಈ ಉಸ್ತುವಾರಿ ಬಲು ಶಿಸ್ತಿನದು. ಪ್ರತಿಯೊಂದರ ಎದುರಿಗೂ ಒಂದು ಗುರುತು ಹಾಕಿಟ್ಟುಕೊಂಡಿರುತ್ತದೆ: ಇದು ಕೇಳಿ ತರಿಸಿದ್ದು, ಇದು ಜೋಡಿ ಬಂದದ್ದು. ಮುಂದೊಂದು ದಿನ ನೀವು ಕೇಳಿ ತರಿಸಿದ್ದನ್ನು ತೆಗೆದುಹಾಕಿದರೆ, ಅದರ ಜೋಡಿ ಬಂದವುಗಳನ್ನು ಬೇರೆ ಯಾರೂ ನೆಚ್ಚಿಕೊಂಡಿಲ್ಲ ಎಂದಾದರೆ, ಅವುಗಳ ಪಟ್ಟಿ ತೋರಿಸುತ್ತದೆ. ಇವು ತಾವಾಗಿ ಬಂದು ಸೇರಿದವು, ಇನ್ನು ಬೇಕಾಗಿಲ್ಲ, ತೆಗೆಯಲೇ ಎಂದು ಕೇಳುತ್ತದೆ. ಹೌದು ಎನ್ನಲು ನೀವು 'ವೈ' ಅಕ್ಷರ ಒತ್ತಬೇಕು. ನನ್ನಷ್ಟು ಖುಷಿಯಿಂದ ವೈ ಒತ್ತಿದವರು ಈ ಊರಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಇನ್ನು ಅಕ್ಕನ ವಿಷಯ. ಅವಳು ನನಗಿಂತ ಎಂಟು ವರ್ಷ ದೊಡ್ಡವಳು. ಇದೇ ಊರಿನ ಒಂದು ಕನ್ನಡ ಶಾಲೆಯಲ್ಲಿ ಟೀಚರಾಗಿದ್ದಳು. ನಲವತ್ತು ದಾಟುವ ಹೊತ್ತಿಗೆ ಅಂಚಿನಿಂದ ಕಣ್ಣು ಮಸುಕಾಗುತ್ತ ಬಂತು. ಮೊದಲು ಬಾಗಿಲ ಚೌಕಟ್ಟಿಗೆ ಭುಜ ತಾಗತೊಡಗಿತು, ಆಮೇಲೆ ಪುಸ್ತಕ ಹೋಯಿತು, ಕಡೆಗೆ ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ ಉಳಿಯಿತು. ಮದುವೆಯಾಗಿರಲಿಲ್ಲ, ಅವ್ವನ ಹತ್ತಿರವೇ ಇದ್ದಳು. ಆರು ವರ್ಷದ ಹಿಂದೆ ಅವ್ವನಿಗೆ ಮೆಟ್ಟಿಲು ಹತ್ತುವುದಾಗದೆ ಕುಷಾಯಿಗೂಡದ ನಮ್ಮ ಮನೆಗೆ ಕರೆತಂದೆವು. ಅಕ್ಕ ಜೋಡಿ ಬಂದಳು. ಒಂದು ನೀಲಿ ಸೂಟ್‌ಕೇಸ್ ತಂದು ಅವ್ವನ ಮಂಚದ ಕೆಳಗೆ ಸರಿಸಿದಳು. ದಿನಾ ಬೆಳಿಗ್ಗೆ ಅದನ್ನು ಎಳೆದು, ಸೀರೆ ತೆಗೆದುಕೊಂಡು, ಮತ್ತೆ ಕೆಳಗೆ ತಳ್ಳುತ್ತಿದ್ದಳು.

ಎರಡು ವರ್ಷದ ಹಿಂದೆ ಅವ್ವ ಹೋದಳು. ಹದಿಮೂರನೆಯ ದಿನ ಊಟದ ಹೊತ್ತಿನಲ್ಲಿ ಚಿಕ್ಕಮ್ಮ ನನ್ನನ್ನು ಒಳಗೆ ಕರೆದು, ಅಕ್ಕ ಕೂತಿದ್ದ ಕಡೆ ಕಣ್ಣು ತೋರಿಸಿ, "ಇನ್ನ ಈಕೀದು ಹ್ಯಾಂಗವಾ?" ಎಂದು ಕೇಳಿದಳು.

ನನಗೆ ಸಿಟ್ಟು ನೆತ್ತಿಗೇರಿತು. "ಹ್ಯಾಂಗ ಅಂದ್ರ? ಇದ್ದಂಗ!" ಎಂದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಚಿಕ್ಕಮ್ಮನಿಗೆ ಹೇಳಿದ್ದನ್ನು ಅಕ್ಕನಿಗೂ ಹೇಳಬೇಕಿತ್ತು ಅಂತ ನನಗೆ ಹೊಳೆಯಲೇ ಇಲ್ಲ. ಇದ್ದವಳಿಗೆ ಇರು ಎಂದು ಯಾರಾದರೂ ಹೇಳುತ್ತಾರೆಯೇ? ಸೂಟ್‌ಕೇಸು ಮಂಚದ ಕೆಳಗೇ ಉಳಿಯಿತು.

ಅಕ್ಕ ಸುಮ್ಮನೆ ಕೂರುವ ಪೈಕಿಯಲ್ಲ. ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಅದರಲ್ಲೂ ಲಿನಕ್ಸೇ. ನನ್ನ ಮಗಳು ಚಿಕ್ಕವಳಿದ್ದಾಗ ಅದರಲ್ಲಿ ಮಕ್ಕಳ ಆಟಗಳ ಒಂದು ದೊಡ್ಡ ಗಂಟು ಹಾಕಿಕೊಟ್ಟಿದ್ದೆ. ಚಿತ್ರ ಒತ್ತಿದರೆ ಒಳಗಿಂದ ಒಂದು ಗಂಡು ದನಿ "ಆನೆ" ಎನ್ನುತ್ತಿತ್ತು, "ಒಂಟೆ" ಎನ್ನುತ್ತಿತ್ತು. ಮಗಳು ಈಗ ವರಂಗಲ್ಲಿನಲ್ಲಿ ಹಾಸ್ಟೆಲಿನಲ್ಲಿದ್ದಾಳೆ, ಒಂಟೆಯ ಹಂಗು ಅವಳಿಗಿಲ್ಲ. ಅಕ್ಕನಿಗೆ ಓದಲು ಆಗದಿದ್ದಾಗ ನಾನು ಅದೇ ಲ್ಯಾಪ್‌ಟಾಪಿನಲ್ಲಿ ಹತ್ತು ಹನ್ನೆರಡು ಸಾಲಿನ ಒಂದು ಪುಟ್ಟ ಪ್ರೋಗ್ರಾಮ್ ಬರೆದೆ. ಯಾವ ಅಕ್ಷರ ಒತ್ತಿದರೂ ಅದನ್ನು ಗಟ್ಟಿಯಾಗಿ ಹೇಳಬೇಕು. ಇನ್ನೊಂದು ಗುಂಡಿ ಒತ್ತಿದರೆ ಇಡೀ ಪುಟ ಓದಬೇಕು. ಬರೆದದ್ದನ್ನೆಲ್ಲ ಓದಿ ಹೇಳುವ ಆ ದನಿಯೂ ಒಂದು ಸಾಫ್ಟ್‌ವೇರೇ; ಅದು ಆಟಗಳ ಜೋಡಿ ಬಂದು ಯಂತ್ರದಲ್ಲಿ ಮೊದಲೇ ಇತ್ತಲ್ಲ, ಹೊಸದಾಗಿ ತರಿಸುವ ಕೆಲಸ ಉಳಿಯಿತೆಂದು ಬೀಗಿದೆ.

ಆ ದನಿಗೆ ಅಕ್ಕ 'ಮಾಸ್ತರ್' ಎಂದು ಹೆಸರಿಟ್ಟಳು. ಮಾಸ್ತರಿಗೆ ಮೂಗು ಕಟ್ಟಿದ ಉಚ್ಚಾರ. 'ಳ' ಬಂದರೆ ಬಾಯಲ್ಲಿ ಕಲ್ಲು ಇಟ್ಟುಕೊಂಡವರಂತೆ ತೊದಲುತ್ತಿತ್ತು. "ಏ ಮಾಸ್ತರ್, ಜರಾ ನಾಲಿಗಿ ಹೊರಳಸು!" ಎಂದು ಅಕ್ಕ ಗದರುವುದು ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ಒಂದೇ ತಿಂಗಳಲ್ಲಿ ಅವಳು ಯಾರ ಸಹಾಯವೂ ಇಲ್ಲದೆ ಟೈಪು ಮಾಡತೊಡಗಿದಳು. ತಾನು ಬರೆದದ್ದನ್ನು ತಾನೇ ಕೇಳಿ, ತಾನೇ ತಿದ್ದಿಕೊಳ್ಳುತ್ತಿದ್ದಳು.

ಹೀಗಿರುವಾಗ ಹೈದರಾಬಾದಿನ ಆ ತುದಿಗಿರುವ ಕೊಂಡಾಪುರದ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವರು ಬೇಕಂತೆ ಎಂಬ ಸುದ್ದಿ ಬಂತು. ಐಟಿಯಲ್ಲಿರುವ ಮೈಸೂರಿನ ಒಬ್ಬ ಹೆಣ್ಣುಮಗಳು ಅದರ ಓಡಾಟ ಮಾಡುತ್ತಿದ್ದಳು. ಅಕ್ಕ ತಾನೇ ಫೋನ್ ಮಾಡಿದಳು. ಕಣ್ಣಿನ ವಿಷಯವನ್ನೂ ತಾನೇ ಹೇಳಿದಳು.

"ಬೇಜಾರು ಮಾಡ್ಕೋಬೇಡಿ ಮೇಡಂ," ಎಂದಿತು ಆ ಕಡೆಯ ದನಿ, "ಮಕ್ಕಳು ಬರೆದಿದ್ದನ್ನ ನೀವು ಹೇಗೆ ನೋಡ್ತೀರಾ?"

"ನೋಡೂದಿಲ್ರಿ, ಕೇಳ್ತೀನಿ. ಒಂದು ರವಿವಾರ ಕೊಡ್ರಿ. ಸರಿ ಅನಸ್ಲಿಲ್ಲಂದ್ರ ಬ್ಯಾಡ ಅಂದುಬಿಡ್ರಿ."

ಒಂದು ಭಾನುವಾರ ಸಿಕ್ಕಿತು. ಆ ರಾತ್ರಿ ಊಟಕ್ಕೆ ಕೂತಾಗ ಅಕ್ಕ ರೊಟ್ಟಿ ಮುರಿಯುತ್ತ ಹೇಳಿದಳು: "ಕ್ಲಾಸು ಕುದುರಿದ್ರ ಅಲ್ಲೇ ಯಾವುದಾರ ಲೇಡೀಸ್ ಹಾಸ್ಟೆಲ್ ನೋಡ್ಕೋತೀನಿ. ಇಲ್ಲಿಂದ ಭಾಳ ದೂರ ಆಕ್ಕೈತಿ."

ನನ್ನ ಗಂಡ ನನ್ನ ಮುಖ ನೋಡಿದರು. ಇಲ್ಲೇನು ಕಡಿಮೆಯಾಗಿದೆ ಇವಳಿಗೆ ಎಂದು ಒಳಗೊಳಗೇ ಉರಿದೆ. ಬಾಯಲ್ಲಿ ಮಾತ್ರ, "ನಿನ್ನ ಮರ್ಜಿ" ಎಂದೆ.

ಭಾನುವಾರದ ಪಾಠಕ್ಕೆಂದು ಅವಳು ಎರಡು ವಾರ ತಯಾರಿ ನಡೆಸಿದಳು. ಶುಕ್ರವಾರ ಲ್ಯಾಪ್‌ಟಾಪು ಜಾಗವಿಲ್ಲವೆಂದು ಹಟ ಹಿಡಿಯಿತು, ಪಾಠಗಳನ್ನು ಉಳಿಸಿಕೊಳ್ಳಲು ಒಪ್ಪಲಿಲ್ಲ. ನನಗೆ ಹೇಳಿದ್ದೇ ತಡ, ಸೆರಗು ಸಿಕ್ಕಿಸಿ ಕೂತೆ. ಮೊದಲು ಕಣ್ಣಿಗೆ ಬಿದ್ದದ್ದು ಆನೆ ಒಂಟೆಗಳ ಗಂಟು. ತೆಗೆದೆ. ಅದರ ಬೆನ್ನಿಗೆ ಜೋಡಿ ಬಂದವುಗಳ ಉದ್ದನೆಯ ಪಟ್ಟಿ ಬಂತು, ತೆಗೆಯಲೇ ಎಂದು ಕೇಳಿತು. ಓದಲಿಲ್ಲ. ವೈ ಒತ್ತಿದೆ. ಕೈ ಹೇಗೂ ಬಿಸಿಯಾಗಿದೆಯೆಂದು, ಹಿಂದೆ ಇಳಿಸಿಕೊಂಡು ಇಟ್ಟಿದ್ದ ಸಾಫ್ಟ್‌ವೇರುಗಳ ಪ್ರತಿಗಳನ್ನೂ ಗುಡಿಸಿ ಹಾಕಿದೆ. "ನೋಡು, ಎಷ್ಟು ಜಾಗ ಆತು!" ಎಂದು ಅಕ್ಕನಿಗೆ ಹೇಳಿ ಚಹಾ ಮಾಡಲು ಎದ್ದೆ.

ಶನಿವಾರ ಕಾಲೇಜು ಅರ್ಧ ದಿನ. ಮಧ್ಯಾಹ್ನ ಮನೆಗೆ ಬಂದಾಗ ಅಕ್ಕ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಊಟ ಮಾಡಿರಲಿಲ್ಲ. ಬೆರಳುಗಳು ಗುಂಡಿಗಳ ಮೇಲೆ ಓಡಾಡುತ್ತಿದ್ದವು, ಸದ್ದಿರಲಿಲ್ಲ.

"ಮಾಸ್ತರ್ ಮಾತಾಡವಲ್ಲ," ಎಂದಳು. "ಮುಂಜಾನಿಂದ ನೋಡಾಕತ್ತೀನಿ. ಬಂದ್ ಮಾಡಿ ಚಾಲೂ ಮಾಡಿದೆ. ಏನೂ ಇಲ್ಲ."

ಆಗ ನಾನು ಆಡಿದ ಮಾತನ್ನು ಬರೆಯಲು ನನಗೆ ನಾಚಿಕೆ, ಆದರೂ ಬರೆಯುತ್ತೇನೆ. "ನೀ ಏನೋ ಒತ್ತಿರಬೇಕು ನೋಡು," ಎಂದೆ. "ಕಾಣಲಾರದ ಏನೇನೋ ಒತ್ತಿಬಿಡ್ತಿ."

ಅಕ್ಕ ಕೈಗಳನ್ನು ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. "ನನಗೂ ಹಂಗ ಅನಸ್ತು," ಎಂದಳು. "ಕೊಂಡಾಪುರದಾಕಿಗೆ ಫೋನ್ ಮಾಡಿದ್ದೆ. ಸಂಜಿ ಆರರೊಳಗ ಹೇಳ್ತೀನಿ, ಆಗಲಿಲ್ಲಂದ್ರ ಬ್ಯಾರೆಯವರನ್ನ ನೋಡ್ಕೋರಿ ಅಂದೀನಿ."

ನಾನು ಕುರ್ಚಿ ಎಳೆದುಕೊಂಡೆ. ಅಕ್ಕನ ತಪ್ಪನ್ನು ಹುಡುಕಿ ಸರಿಮಾಡುವ ದೊಡ್ಡಸ್ತಿಕೆಯಲ್ಲೇ ಶುರುಮಾಡಿದೆ. ನನ್ನ ಪ್ರೋಗ್ರಾಮ್ ಇದ್ದಲ್ಲೇ ಇತ್ತು, ಒಂದು ಸಾಲೂ ಕೆಟ್ಟಿರಲಿಲ್ಲ. ದನಿಯನ್ನು ಹೆಸರು ಹಿಡಿದು ಕರೆದೆ. ಅಂಥದ್ದು ಯಾವುದೂ ಇಲ್ಲಿಲ್ಲ ಎಂದಿತು ಯಂತ್ರ. ಪ್ಯಾಕೇಜ್ ಮ್ಯಾನೇಜರ್ ತಾನು ತಂದದ್ದು ತೆಗೆದದ್ದನ್ನೆಲ್ಲ ದಿನಚರಿಯಂತೆ ಬರೆದಿಡುತ್ತದೆ. ಅದನ್ನು ತೆರೆದೆ. ಶುಕ್ರವಾರದ ಸಾಲಿನಲ್ಲಿ, ನಾನು ಓದದೆ ವೈ ಒತ್ತಿದ ಪಟ್ಟಿಯ ನಡುವೆ, ಮಾಸ್ತರ್ ಇದ್ದ.

ಉಸ್ತುವಾರಿಯದೇನೂ ತಪ್ಪಿರಲಿಲ್ಲ. ಆಟಗಳಿಗಾಗಿ ಬಂದ ದನಿ, ಆಟಗಳು ಹೋದ ಮೇಲೆ ಯಾರಿಗೂ ಬೇಕಿಲ್ಲ ಎಂದು ಅದು ತಿಳಿದುಕೊಂಡಿತು. ನನ್ನ ಹನ್ನೆರಡು ಸಾಲು ಅದು ತಂದದ್ದಲ್ಲ, ನಾನೇ ಬರೆದದ್ದು, ಹಾಗಾಗಿ ಅದರ ಪಟ್ಟಿಯಲ್ಲಿರಲಿಲ್ಲ. ಒಬ್ಬಳು ಹೆಂಗಸು ದಿನಕ್ಕೆ ನಾಲ್ಕು ಗಂಟೆ ಆ ದನಿಯನ್ನೇ ನೆಚ್ಚಿಕೊಂಡಿದ್ದಾಳೆ ಎಂಬುದು ಅದಕ್ಕೆ ಗೊತ್ತಾಗುವ ದಾರಿಯೇ ಇರಲಿಲ್ಲ. ನಾನು ಎಂದಾದರೂ ಒಮ್ಮೆ, ಇದು ನನಗೆ ಬೇಕು ಎಂದು ಆ ದನಿಯನ್ನು ಹೆಸರಿಟ್ಟು ಕೇಳಿದ್ದರೆ ಸಾಕಿತ್ತು. ಮೊದಲೇ ಇದೆಯೆಂದು ಕೇಳಿರಲಿಲ್ಲ.

"ಅಕ್ಕಾ," ಎಂದೆ. "ನೀ ಏನೂ ಒತ್ತಿಲ್ಲ. ನಾ ಒತ್ತಿದ್ದು. ನಿನ್ನೆ ನಾನ ತಗದು ಹಾಕೀನಿ."

"ವಾಪಸ್ ಬರ್ತೈತೋ ಇಲ್ಲೋ ಅಷ್ಟು ಹೇಳು," ಎಂದಳು.

"ತರ್ತೀನಿ. ತರಲಾರದ ಇಲ್ಲಿಂದ ಏಳೂದಿಲ್ಲ."

ಆಗ ಗಂಟೆ ಎರಡೂವರೆ. ಹೊಸ ಯಂತ್ರವಾಗಿದ್ದರೆ ಎರಡು ನಿಮಿಷದ ಕೆಲಸ. ಆದರೆ ಈ ಲ್ಯಾಪ್‌ಟಾಪಿನ ಲಿನಕ್ಸ್ ಎಷ್ಟು ಹಳೆಯದೆಂದರೆ, ಅದರ ಸಾಮಾನು ಸಿಗುವ ವಿಳಾಸವನ್ನೇ ಮುಚ್ಚಿಬಿಟ್ಟಿದ್ದರು. ದನಿಯನ್ನು ಕೇಳಿದಾಗಲೆಲ್ಲ 'ಸಿಗಲಿಲ್ಲ, ಸಿಗಲಿಲ್ಲ' ಎಂದು ಬರುತ್ತಿತ್ತು. ಹಿಂದೆ ಇಳಿಸಿಕೊಂಡ ಪ್ರತಿಯಾದರೂ ಇದ್ದಿದ್ದರೆ ಆಗುತ್ತಿತ್ತು. ಅದನ್ನೂ ಶುಕ್ರವಾರವೇ ಗುಡಿಸಿದ್ದೆ. ನನ್ನ ಕೈಗಳನ್ನು ಕಡಿದು ಹಾಕಬೇಕೆನಿಸಿತು. ಇಡೀ ವ್ಯವಸ್ಥೆಯನ್ನೇ ಹೊಸದಾಗಿ ಹಾಕಬಹುದಿತ್ತು, ಆದರೆ ಅಕ್ಕನ ಬೆರಳಿಗೆ ಒಗ್ಗಿದ ಕೀಲಿಮಣೆ ಹಿಂದುಮುಂದಾದರೆ ನಾಳೆ ಅವಳು ಏನು ಮಾಡಬೇಕು? ಆ ದಾರಿ ಬೇಡವೆಂದುಕೊಂಡೆ.

ಬಳಕೆ ನಿಂತ ಆವೃತ್ತಿಗಳನ್ನು ಎಸೆಯದೆ ಬೇರೊಂದು ವಿಳಾಸದಲ್ಲಿ ಉಗ್ರಾಣ ಮಾಡಿ ಇಟ್ಟಿರುತ್ತಾರೆ ಎಂದು ಕೇಳಿ ಗೊತ್ತಿತ್ತು. ನನ್ನಂಥವಳ ಕೈಗೆ ಆ ಉಗ್ರಾಣ ಸಿಕ್ಕಿದ್ದರೆ ಎಂದೋ ಖಾಲಿಯಾಗಿರುತ್ತಿತ್ತು. ಆ ವಿಳಾಸ ಹುಡುಕಿ, ಮುಚ್ಚಿಹೋದ ವಿಳಾಸವನ್ನು ಸಾಲು ಸಾಲಾಗಿ ಅಳಿಸಿ ಇದನ್ನು ಬರೆದೆ. ಒಂದು ಚುಕ್ಕಿ ತಪ್ಪಿತು, ಎಲ್ಲವೂ ಬಿದ್ದುಹೋಯಿತು. ಮತ್ತೆ ಬರೆದೆ. ಅಕ್ಕ ಮೊಸರನ್ನ ಕಲಸಿ ತಂದು ನನ್ನ ಪಕ್ಕ ಇಟ್ಟಳು. ನಾನು ನೋಡಲಿಲ್ಲ. "ತಿನ್ನು ಮೊದಲ, ಹೊಟ್ಟಿ ಹಸದ್ರ ನಿನ್ನ ಸಿಟ್ಟು ಹೆಚ್ಚಾಕ್ಕೈತಿ," ಎಂದಳು. ಬೈಸಿಕೊಂಡವಳು ಅವಳು, ಊಟ ಬಡಿಸಿದವಳೂ ಅವಳೇ.

ಐದಕ್ಕೆ ಹತ್ತು ನಿಮಿಷವಿರುವಾಗ ಸಾಮಾನು ಇಳಿಯತೊಡಗಿತು. ಎಲ್ಲ ಇಳಿದು ಮುಗಿದ ಮೇಲೆ ಅಕ್ಕ ಬೆರಳು ಚಾಚಿ 'ಅ' ಒತ್ತಿದಳು. "ಅ" ಎಂದ ಮಾಸ್ತರ್, ಅದೇ ಕಟ್ಟಿದ ಮೂಗಿನಲ್ಲಿ. ಅಕ್ಕ ಜೋರಾಗಿ ನಕ್ಕಳು. ನಾನು ಅತ್ತೆ. ಆದರೆ ಇಡೀ ಪುಟ ಓದುವ ಗುಂಡಿ ಒತ್ತಿದರೆ ಮತ್ತೆ ಮೌನ. ಪುಟದ ಮಾತನ್ನು ಎತ್ತಿ ದನಿಗೆ ಮುಟ್ಟಿಸುವ ಇನ್ನೊಂದು ಸಣ್ಣ ಸಾಮಾನೂ ಅದೇ ಗುಡಿಸುವಿಕೆಯಲ್ಲಿ ಹೋಗಿತ್ತು. ಅದನ್ನೂ ತರಿಸಿದೆ. ಆರು ಗಂಟೆಗೆ ಮುಂಚೆ ಅಕ್ಕ ಕೊಂಡಾಪುರಕ್ಕೆ ಫೋನ್ ಮಾಡಿ, "ಬರ್ತೀನ್ರಿ," ಎಂದು ಒಂದೇ ಮಾತು ಹೇಳಿ ಇಟ್ಟಳು.

ನಾನು ಎದ್ದಿರಲಿಲ್ಲ. ನನ್ನ ಹನ್ನೆರಡು ಸಾಲು ಯಾವುದನ್ನೆಲ್ಲ ನೆಚ್ಚಿಕೊಂಡಿದೆಯೋ ಒಂದೊಂದನ್ನೂ ಹೆಸರಿಟ್ಟು ಕೇಳುತ್ತ ಹೋದೆ, ಕನ್ನಡದ ಕೀಲಿಮಣೆಯನ್ನೂ ಬಿಡದೆ. ತೆರೆಯ ಮೇಲೆ ಪ್ರತಿಸಲ ಒಂದೇ ಉತ್ತರ. ಅಭ್ಯಾಸದಂತೆ ಅದನ್ನು ಗಟ್ಟಿಯಾಗಿ ಗೊಣಗುತ್ತಿದ್ದೆನೇನೋ, ಅಕ್ಕ ಕೇಳಿದಳು: "ಏನಂತೈತಿ ಅದು?"

"ಇದು ಮೊದಲ ಇಲ್ಲಿ ಐತಿ, ಕೇಳಿ ತರಿಸಿದ್ದು ಅಂತ ಗುರುತು ಹಾಕೀನಿ, ಅಂತೈತಿ."

"ಮೊದಲ ಇದ್ದದ್ದನ್ನ ಮತ್ತ ಕೇಳೂದು ಯಾಕ?"

"ಕೇಳಿದ್ರ ಗುರುತು ಬದಲಾಕ್ಕೈತಿ ಅಕ್ಕಾ. ಇಲ್ಲಾಂದ್ರ ಜೋಡಿ ಬಂದದ್ದು ಅಂತನ ಉಳೀತೈತಿ. ಯಾರ ಜೋಡಿ ಬಂದಿತ್ತೋ ಅವರು ಹೋದ್ರಂದ್ರ ಇದನ್ನೂ ಕಳಸಿಬಿಡ್ತೈತಿ."

"ಹಂಗನ್ನು," ಎಂದಳು ಅಕ್ಕ. ರವೆಯ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದಳು, ನಾಳೆಯ ಪಾಠಕ್ಕೆ ಬೇಕಿತ್ತು. "ನನ್ನಂಗ. ಅವ್ವನ ಜೋಡಿ ಬಂದಾಕಿ ನಾ."

ನಗುತ್ತಲೇ ಹೇಳಿದಳು. ನನ್ನ ಬೆರಳು ಗುಂಡಿಯ ಮೇಲೇ ನಿಂತಿತು. ಹಾಸ್ಟೆಲಿನ ಮಾತು ಎಲ್ಲಿಂದ ಬಂದಿತ್ತೆಂದು ಆಗ ತಿಳಿಯಿತು. ಎರಡು ವರ್ಷ ಅವಳು ಯಾವ ಪಟ್ಟಿಯಲ್ಲಿದ್ದೇನೆಂದುಕೊಂಡು ಈ ಮನೆಯಲ್ಲಿ ಊಟ ಮಾಡಿದ್ದಳು, ಯಾವ ಧೈರ್ಯದ ಮೇಲೆ ಮಲಗಿ ಎದ್ದಿದ್ದಳು! ಆ ಕ್ಷಣವೇ ಹೇಳಿಬಿಡಬೇಕಿತ್ತು. ಆದರೆ ಮಧ್ಯಾಹ್ನ ಬಾಯಿಗೆ ಬಂದಂತೆ ಅಂದು, ಸಂಜೆ ಇರು ಎಂದರೆ ಅದು ತಪ್ಪು ಮುಚ್ಚಿಕೊಳ್ಳುವ ಮಾತಾಗುತ್ತದೆ ಎನಿಸಿತು. ನಾಳೆ ಅವಳು ಗೆದ್ದು ಬರಲಿ, ಹೋಗಲು ದಾರಿ ತೆರೆದಿರಲಿ, ಆಗ ಕೇಳುತ್ತೇನೆ ಎಂದು ನಿಶ್ಚಯಿಸಿಕೊಂಡೆ.

ಭಾನುವಾರ ಕೊಂಡಾಪುರದ ಆ ಅಪಾರ್ಟ್‌ಮೆಂಟಿನ ಕ್ಲಬ್ ಕೋಣೆಯಲ್ಲಿ ಎಂಟು ಮಕ್ಕಳಿದ್ದರು. ಹಿಂದೆ ಅವರ ಅಪ್ಪ ಅಮ್ಮಂದಿರು ಫೋನು ಹಿಡಿದು ಕೂತಿದ್ದರು. ಅಕ್ಕ ತಟ್ಟೆಯಲ್ಲಿ ರವೆ ಹರಡಿ, ಮಗುವಿನ ಬೆರಳು ಹಿಡಿದು ಅದರಲ್ಲಿ ಅಕ್ಷರ ತೀಡಿಸುತ್ತಿದ್ದಳು. ತೀಡಿದ ಮೇಲೆ ಮಗು ಅದನ್ನು ಲ್ಯಾಪ್‌ಟಾಪಿನಲ್ಲಿ ಒತ್ತಬೇಕು, ಮಾಸ್ತರ್ ಹೇಳಬೇಕು, ಎಲ್ಲರೂ ಕೇಳಬೇಕು. ಒಂದು ಹುಡುಗಿ 'ಹಳ್ಳಿ' ಎಂದು ಒತ್ತಿದಳು. ಮಾಸ್ತರ್ ಎಂದಿನಂತೆ ಕಲ್ಲು ಕಚ್ಚಿದ.

"ತಪ್ಪು!" ಎಂದಳು ಅಕ್ಕ. "ಮಾಸ್ತರಿಗೆ 'ಳ' ಬರೂದಿಲ್ಲ. ಪಾಪ, ಯಾರಾರ ಕಲಸ್ರಿ ಅವರಿಗೆ."

ಎಂಟೂ ಮಕ್ಕಳು ಲ್ಯಾಪ್‌ಟಾಪಿಗೆ ಮುತ್ತಿಕೊಂಡು "ಹಳ್ಳಿ! ಹಳ್ಳಿ!" ಎಂದು ಕಿರುಚತೊಡಗಿದರು. ಕಂಪ್ಯೂಟರಿನ ತಪ್ಪು ಹಿಡಿದು ಅದಕ್ಕೆ ಪಾಠ ಹೇಳುವುದು ಅವರಿಗೆ ಹೊಸ ಖುಷಿ. ಹಿಂದಿನ ಸಾಲಿನಲ್ಲಿ ಒಬ್ಬ ಅಪ್ಪನೂ ಮೆಲ್ಲಗೆ ನಾಲಿಗೆ ಹೊರಳಿಸಿ ನೋಡಿಕೊಂಡ. ಪಾಠ ಮುಗಿದಾಗ ಮೈಸೂರಿನ ಹೆಣ್ಣುಮಗಳು ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡಳು. "ಮುಂದಿನ ವಾರದಿಂದ ನೀವೇ ಮೇಡಂ. ನೀವು ರೂಮ್ ಬೇಕು ಅಂದಿದ್ರಲ್ಲಾ, ನಮ್ಮ ಗೇಟ್ ಎದುರಿಗಿರೋ ಹಾಸ್ಟೆಲಲ್ಲಿ ಒಂದು ಖಾಲಿ ಇದೆಯಂತೆ. ಮಾತಾಡ್ಲಾ?"

"ನಾಳಿ ಹೇಳ್ತೀನ್ರಿ," ಎಂದಳು ಅಕ್ಕ.

ಆಟೋ, ಮೆಟ್ರೋ ಮುಗಿಸಿ ಸಿಕಂದರಾಬಾದಿನಲ್ಲಿ ಕುಷಾಯಿಗೂಡದ ಬಸ್ಸು ಹತ್ತಿದೆವು. ಲ್ಯಾಪ್‌ಟಾಪು ಅಕ್ಕನ ತೊಡೆಯ ಮೇಲಿತ್ತು, ಯಾರಿಗೂ ಕೊಡಲು ಒಪ್ಪಿರಲಿಲ್ಲ. ಇನ್ನು ತಡಮಾಡಬಾರದೆಂದು ಬಾಯಿ ತೆರೆದೆ.

"ಅಕ್ಕಾ, ನೀ ನಮ್ಮ ಮನ್ಯಾಗ ಇರು."

ಬಸ್ಸಿನ ಗದ್ದಲದಲ್ಲಿ ಅವಳಿಗೆ ಕೇಳಿಸಲಿಲ್ಲ. "ಏನು?"

ನಾನು ಕೂಗಿದೆ. "ನಮ್ಮ ಮನ್ಯಾಗ ಇರು ಅಂದೆ! ನನಗ ನೀ ಬೇಕು!"

ಮುಂದಿನ ಸೀಟಿನ ತೆಲುಗಿನ ಹೆಂಗಸು ತಿರುಗಿ ನೋಡಿದಳು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರಮ್ಮನೂ ನೋಡಿದಳು. ಅಕ್ಕನ ಮುಖ ಕಿಟಕಿಯ ಕಡೆಗಿತ್ತು.

"ಇದ್ದೀನಲ್ಲ," ಎಂದಳು.

"ಇದ್ದಿ. ನಾ ಯಾವತ್ತೂ ಕೇಳಿರಲಿಲ್ಲ. ಈಗ ಕೇಳಾಕತ್ತೀನಿ. ದೂರ ಆತಂದ್ರ ಪ್ರತಿ ರವಿವಾರ ನಾ ಕರಕೊಂಡು ಹೋಗ್ತೀನಿ. ಅದರ ಮ್ಯಾಲೆ ನಿನ್ನ ಮರ್ಜಿ."

ನಮ್ಮ ಸ್ಟಾಪು ಬಂತು, ಇಳಿದೆವು, ಅಕ್ಕ ನನ್ನ ಭುಜ ಹಿಡಿದು ಎಂದಿನಂತೆ ನಡೆದಳು. ಕೇಳುವುದು ತಡವಾಯಿತೇನೋ ಎಂದುಕೊಂಡೆ. ಮನೆಗೆ ಬಂದು ಕೈಕಾಲು ತೊಳೆದು ನಾನು ಒಲೆ ಹಚ್ಚುವ ಹೊತ್ತಿಗೆ ಕೋಣೆಯಿಂದ ಸೂಟ್‌ಕೇಸು ಎಳೆಯುವ ಸದ್ದು ಕೇಳಿತು. ಓಡಿಹೋಗಿ ನೋಡಿದೆ. ಅಕ್ಕ ಅದನ್ನು ಪೂರಾ ಹೊರಗೆಳೆದು, ಸೀರೆಗಳನ್ನೆಲ್ಲ ತೆಗೆದು ಅವ್ವನ ಮಂಚದ ಮೇಲೆ ಒಟ್ಟಿದ್ದಳು.

"ಅವ್ವನ ಕಪಾಟಿನ್ಯಾಗ ನನಗ ಎರಡು ಖಾನೆ ಖಾಲಿ ಮಾಡಿ ಕೊಡು," ಎಂದಳು. "ಈ ಸೂಟ್‌ಕೇಸ್ ಅಟ್ಟಕ್ಕ ಹಾಕು. ಎಸದು ಗಿಸದು ಮಾಡಬ್ಯಾಡ ಮತ್ತ, ನಿನ್ನ ಕೈ ನನಗ ಗೊತ್ತೈತಿ."

ನಾನು ಸ್ಟೂಲು ತಂದು ಹತ್ತಿದೆ. ಚಾದರ ಸರಿಸಿ, ಅವ್ವನ ಡಬ್ಬಿಗಳನ್ನು ಒಂದೂ ಬೀಳದಂತೆ ಪಕ್ಕಕ್ಕೆ ಜರುಗಿಸಿ, ಖಾಲಿ ಸೂಟ್‌ಕೇಸನ್ನು ಅವುಗಳ ಹಿಂದೆ ಗೋಡೆಯ ತನಕ ತಳ್ಳಿಟ್ಟೆ.